ಕವಳಿ ಬೇಲಿಗೆ ಹಾಕಿದ ಕೀಲಿ

ಕೆಲವರಿಗೆ ಮನುಷ್ಯರ ಮೇಲೆ ನಂಬಿಕೆ ಇರುತ್ತದೆ. ನನಗೆ ಕೀಲಿಯ ಮೇಲೆ. ಭೋಸರಿಯ ಕಾರ್ಖಾನೆಯೊಂದರ ಉಗ್ರಾಣ ಕಾಯುತ್ತ ಕೂದಲು ನರೆತವನಿಗೆ ಬೇರೆ ನಂಬಿಕೆ ಉಳಿಯುವುದಾದರೂ ಹೇಗೆ? ಸಾಸವಡದಾಚೆ ಗುಡ್ಡದ ಬುಡದಲ್ಲಿ ಐದು ಗುಂಟೆ ಬರಡು ನೆಲ ಕೊಂಡಾಗಲೂ ಮೊದಲು ಯೋಚಿಸಿದ್ದು ಬೇಲಿಯನ್ನೇ. ನಾಲ್ಕೂ ದಿಕ್ಕಿಗೆ ಕವಳಿ ಹಚ್ಚಿದೆ. ಇಲ್ಲಿಯ ಮರಾಠಿಗರು ಕರವಂದ ಎನ್ನುವ, ಕಪ್ಪು ಹಣ್ಣು ಬಿಡುವ ಮುಳ್ಳುಗಂಟಿ. ಮೊದಲೆರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತೆ. ಆಮೇಲೆ ಅದು ನನ್ನನ್ನು ಕೇಳುವುದನ್ನೇ ಬಿಟ್ಟಿತು. ಕಲ್ಲಿನ ಸಂದಿಗೆ ಬೇರಿಳಿಸಿ, ಐದನೆಯ ವರ್ಷಕ್ಕೆ ತಲೆಯೆತ್ತರ ನಿಂತಿತು. "ನಾಯಿ ಸುದ್ದಾ ನುಸುಳಂಗಿಲ್ಲ ನೋಡ್ರಿ" ಎಂದು ಕಂಡವರಿಗೆಲ್ಲ ಹೇಳಿದೆ. ಅಷ್ಟು ಸಾಲದೆ, ಇದ್ದ ಒಂದೇ ತಗಡಿನ ಗೇಟಿಗೆ ಕೀಲಿ ಜಡಿದೆ.

ಏಪ್ರಿಲಿನ ಆ ಭಾನುವಾರ ಹೆಂಡತಿ ಸುಮಿತ್ರಾ ಉಪ್ಪಿನಕಾಯಿಗೆಂದು ಒಳಗೆ ಕವಳಿಕಾಯಿ ಬಿಡಿಸುತ್ತಿದ್ದಳು. ನಾನು ರಸ್ತೆಬದಿಯ ಅಂಗಡಿಯಿಂದ ಚಹಾ ತರಲು ಹೊರಟೆ. ರೂಢಿಯಂತೆ ಹೊರಗಿನಿಂದ ಕೀಲಿ ಹಾಕಿದೆ. ಹೊಸ ಹುಲ್ಲು ಚೆನ್ನಾಗಿ ಬರಲೆಂದು ಯಾರೋ ಗುಡ್ಡಕ್ಕೆ ಹಚ್ಚಿದ ಬೆಂಕಿ, ನಾನು ಮರಳುವಷ್ಟರಲ್ಲಿ ಗಾಳಿಗೆ ಸಿಕ್ಕಿ ನಮ್ಮ ಹಿಂಬೇಲಿ ದಾಟಿತ್ತು. ಒಳಗಿನ ಒಣಹುಲ್ಲು ಚಟಚಟನೆ ಉರಿಯುತ್ತಿತ್ತು. ನನ್ನ ಗೊಂಚಲಿನಲ್ಲಿ ಹದಿನಾಲ್ಕು ಕೀಲಿಕೈಗಳು. ಉಗ್ರಾಣದ ಕಪಾಟುಗಳನ್ನು ಕಣ್ಣುಮುಚ್ಚಿ ತೆಗೆಯುವ ಕೈ ಆಗ ಒಂದೊಂದನ್ನೇ ತೂರಿಸಿ ನೋಡಿತು. ಗೇಟಿನಾಚೆ ಸುಮಿತ್ರಾ ಕೆಮ್ಮುತ್ತ, "ಗಡಿಬಿಡಿ ಮಾಡಬ್ಯಾಡ್ರಿ, ಹಿತ್ತಾಳೀದು ನೋಡ್ರಿ, ಹಿತ್ತಾಳೀದು!" ಎನ್ನುತ್ತಿದ್ದಳು. ಹಿತ್ತಾಳೆಯವೇ ಆರಿದ್ದವು. ಗೊಂಚಲು ಕೈಜಾರಿತು. ಅದು ಕಲ್ಲಿಗೆ ಬಿದ್ದ ಸಪ್ಪಳ ಈಗಲೂ, ಊಟದ ತಟ್ಟೆ ಇಟ್ಟಾಗಲೆಲ್ಲ, ಕೇಳಿಸುತ್ತದೆ.

"ಬಾಜೂಲಾ ವ್ಹಾ, ಸಾಹೇಬ!" ಪಕ್ಕದ ಹೊಲದ ದಗಡೂ ನನ್ನನ್ನು ಬದಿಗೆ ತಳ್ಳಿ, ಕಬ್ಬು ಕಡಿಯುವ ಕೊಯ್ತಾದಿಂದ ಗೇಟಿನ ಪಕ್ಕದ ಬೇಲಿ ಕೊಚ್ಚತೊಡಗಿದ. ಬೇಲಿ ಅವನನ್ನೂ ಸುಲಭಕ್ಕೆ ಬಿಡಲಿಲ್ಲ. ಅಷ್ಟು ಚೆನ್ನಾಗಿ ಬೆಳೆಸಿದ್ದೆ. ಮೊಣಕೈವರೆಗೆ ರಕ್ತ ಸುರಿಸುತ್ತ ಅವಳ ತೋಳು ಹಿಡಿದು ಹೊರಗೆಳೆದ. ಆಗ ನೋಡಿಕೊಂಡೆ, ನನ್ನ ಎಡಗೈಯಲ್ಲಿ ಚಹಾದ ಪ್ಲಾಸ್ಟಿಕ್ ಚೀಲ ಹಾಗೆಯೇ ಇತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ.

ಸುಟ್ಟು ಕರಿಕಡ್ಡಿಯಾಗಿದ್ದ ಹಿಂಬೇಲಿ ಜೂನಿನ ಎರಡೇ ಮಳೆಗೆ ಬುಡದಿಂದ ಚಿಗುರಿತು. ದಗಡೂ ಕಡಿದ ಕಂಡಿಯಲ್ಲೂ ಚಿಗುರಿತು. ನಾನು ಮಾತ್ರ ಇನ್ನೂ ಉಗ್ರಾಣದ ಬಾಗಿಲಲ್ಲಿ ಒಂದೊಂದೇ ಕೀಲಿಕೈ ತೂರಿಸಿ ನೋಡುತ್ತ ನಿಲ್ಲುತ್ತೇನೆ. ಕಣ್ಣು ಮಂಜಾಗಿರಬೇಕೆಂದು ಜೊತೆಯವರು ಅಂದುಕೊಂಡಿದ್ದಾರೆ. ಗೇಟಿಗೆ ಈಗ ಕೀಲಿಯಿಲ್ಲ. ಆದರೂ ಪ್ರತಿ ಭಾನುವಾರ ಹೋಗಿ ಆ ಕಂಡಿಯ ಚಿಗುರು ಕಿತ್ತು ಬರುತ್ತೇನೆ.

ಮೊನ್ನೆ ನೆಂಟರೊಬ್ಬರು ಬದಿಯ ಬೇಲಿ ನೋಡಿ, "ಭಾಳ ಗಟ್ಟಿ ಅದ ಬಿಡ್ರಿ, ಕಳ್ಳರು ಒಳಗ ಬರೋದು ಕಠಿಣ" ಎಂದು ಮೆಚ್ಚಿಕೊಂಡರು.

ಸುಮಿತ್ರಾ ನನ್ನ ಕಡೆ ನೋಡದೆ ಹೇಳಿದಳು: "ಹೌದ್ರಿ, ಯಾರೂ ಬರಂಗಿಲ್ಲ. ನಮ್ಮ ಮನಿಯವರೂ ಬರಲಿಲ್ಲ."