ಹತ್ತು ದಿನದ ಪಾಸಿನ ಅಳಿಯ

ಸಿರುಗುಪ್ಪದ ದೊಡ್ಡಬಸಮ್ಮನ ಮನೆಗೆ ಕೊಟ್ಟೂರಪ್ಪ ಮನೆಅಳಿಯನಾಗಿ ಬಂದು ಹನ್ನೆರಡು ವರ್ಷವಾಗಿತ್ತು. ಹನ್ನೆರಡು ವರ್ಷ ವನವಾಸ ಮಾಡಿದ ಪಾಂಡವರಿಗೂ ಕೊನೆಗೆ ರಾಜ್ಯ ಸಿಕ್ಕಿತು (ನಡುವೆ ಒಂದು ಯುದ್ಧ ಮಾಡಬೇಕಾಯಿತು, ಆ ಮಾತು ಬೇರೆ). ಕೊಟ್ಟೂರಪ್ಪನಿಗೆ ಸಿಕ್ಕಿದ್ದು ಒಂದೇ ಪ್ರಶ್ನೆ: “ಯಾವಾಗ ಬಂದ್ರಿ, ಬೀಗರ?” ಗದ್ದೆಗೆ ನೀರು ಕಟ್ಟಿ, ಮೊಳಕಾಲಿನವರೆಗೆ ಕೆಸರು ಮೆತ್ತಿಕೊಂಡು ಬರುವಾಗಲೂ ಕಟ್ಟೆಯ ಮೇಲೆ ಕುಳಿತ ಹಿರಿಯರು ಹೀಗೆಯೇ ಕೇಳುತ್ತಿದ್ದರು. ಬಂದು ಹನ್ನೆರಡು ವರ್ಷವಾಯಿತೆಂದು ಹೇಳಿದರೆ, ಹಾಗಾದರೆ ಹೋಗುವುದು ಯಾವಾಗ ಎಂದು ಕೇಳಿಯಾರೆಂಬ ಅಂಜಿಕೆಯಿಂದ ಆತ ನಕ್ಕು ಮುಂದೆ ಹೋಗುತ್ತಿದ್ದ.

ಅವನ ಹುಟ್ಟೂರು ಗುಡಿಹಾಳ. ತುಂಗಭದ್ರೆಯ ಆಚೆ ದಂಡೆ. ಈಚೆ ಇಂಗ್ಲಿಷರ ಸರಕಾರ, ಜನರ ಬಾಯಲ್ಲಿ ಇನ್ನೂ ಕುಂಪಣಿ; ಆಚೆ ನಿಜಾಮನ ಮೊಗಲಾಯಿ. ಜನ ಪರದೇಶಕ್ಕೆ ಹಡಗಿನಲ್ಲಿ ತಿಂಗಳುಗಟ್ಟಲೆ ಹೋಗುತ್ತಾರಂತೆ. ಕೊಟ್ಟೂರಪ್ಪನ ಪರದೇಶ ಒಂದು ಹರಿಗೋಲಿನ ದೂರದಲ್ಲಿತ್ತು. ದೊಡ್ಡಬಸಮ್ಮನಿಗೆ ಗಂಡುಮಕ್ಕಳಿರಲಿಲ್ಲ. ಹಿರಿಮಗಳು ಹಂಪಕ್ಕನನ್ನು ಕುರುಗೋಡಿಗೆ ಕೊಟ್ಟು, ಕಿರಿಮಗಳು ಗುರುಬಸಮ್ಮನಿಗೆ ಆಚೆಯಿಂದ ಈ ಅಳಿಯನನ್ನು ತಂದು ಮನೆಯಲ್ಲೇ ಇಟ್ಟುಕೊಂಡಿದ್ದಳು.

ಅಳಿಯ ಒಳ್ಳೆಯವನು. ಆದರೆ ನಿಂತಲ್ಲಿ ಕನಸು ಕಾಣುವ ಪ್ರಾಣಿ. ಕಾಲುವೆಗೆ ಹೋದರೆ ನೀರಿನೊಳಗಿನ ಮೋಡ ನೋಡುತ್ತ ಕುಳಿತು, ತನ್ನ ಗದ್ದೆಯ ನೀರನ್ನು ಪಕ್ಕದವನ ಗದ್ದೆಗೆ ಧರ್ಮಾರ್ಥ ಮಾಡಿ ಬರುತ್ತಿದ್ದ. ಅವನ ಕನಸುಗಳಲ್ಲೆಲ್ಲ ದೊಡ್ಡದು ಯಾವುದೆಂದರೆ, ಮೃಗಶಿರ ಮಳೆಗೆ ಭತ್ತದ ಸಸಿಮಡಿಯಲ್ಲಿ ಮೊದಲ ಹಿಡಿ ಕಾಳು ಚೆಲ್ಲುವುದು. ಆ ಹಿಡಿಯನ್ನು ಮನೆಯ ಗಂಡಸೇ ಚೆಲ್ಲಬೇಕು, ಅದು ಪದ್ಧತಿ. ಮಾವ ಇರುವವರೆಗೆ ಮಾವ ಚೆಲ್ಲಿದ. ಮಾವ ತೀರಿದ ಮೇಲೆ ನಾಲ್ಕು ವರ್ಷ ಕುರುಗೋಡಿನ ಹಿರಿಯಳಿಯ ಬಂಡಿಯಲ್ಲಿ ಬಂದು, ಒಂದು ಹಿಡಿ ಕಾಳು ಚೆಲ್ಲಿ, ಆರು ಹೋಳಿಗೆ ತಿಂದು, ಒಂದು ನಿದ್ದೆ ಹೊಡೆದು ಹೋಗುತ್ತಿದ್ದ. ಮಡಿ ಉತ್ತು, ಕೆಸರು ತುಳಿದು, ನುಣ್ಣಗೆ ಹದ ಮಾಡಿದ ಕೊಟ್ಟೂರಪ್ಪ ಬದುವಿನ ಮೇಲೆ ಬುಟ್ಟಿ ಹಿಡಿದು ನಿಲ್ಲುತ್ತಿದ್ದ.

ಆ ವರ್ಷ ದೊಡ್ಡಬಸಮ್ಮನಿಗೆ ಏನನ್ನಿಸಿತೋ, ಒಂದು ಬೆಳಗ್ಗೆ ರೊಟ್ಟಿ ಹಾಕುತ್ತ ಹಾಕುತ್ತ ಹೇಳಿಬಿಟ್ಟಳು: “ಈ ಸಲ ಮೊದಲ ಹಿಡಿ ನೀವ ಚೆಲ್ರಿ ಅಳಿಯಾರ. ಮನಿ ಗಂಡಸು ಅಂದ್ರ ಈಗ ನೀವ ಅಲ್ಲೇನು?”

ಕೊಟ್ಟೂರಪ್ಪ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಇಷ್ಟು ದೊಡ್ಡ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕುವುದು ಹೇಗೆ? ಗುಡಿಹಾಳದ ಅಣ್ಣ ಮಲ್ಲಯ್ಯನಿಗೆ ಹೇಳಲೇಬೇಕು. ಬಿತ್ತಲು ಇನ್ನೂ ಹದಿನೇಳು ದಿನವಿತ್ತು. ನಾಲ್ಕು ದಿನದಲ್ಲಿ ಬಂದುಬಿಡುತ್ತೇನೆಂದು ಹೆಂಡತಿಗೆ ಹೇಳಿ ಹೊಸ ರುಮಾಲು ಸುತ್ತಿ ಹೊರಟೇಬಿಟ್ಟ. ಅಣ್ಣನಿಗೆ ಹೇಳಿದ, ಅತ್ತಿಗೆಗೆ ಹೇಳಿದ, ಸುದ್ದಿ ಮುಗಿಯದೆ ಉಳಿದಿದ್ದರಿಂದ ಕೊಟ್ಟಿಗೆಯ ಎತ್ತುಗಳಿಗೂ ಹೇಳಿದ.

ಅದು ಪ್ಲೇಗಿನ ಕಾಲ. ಮೊಗಲಾಯಿಯಲ್ಲಿ ಬೇನೆ ಹಬ್ಬಿದೆಯೆಂದು ಸುದ್ದಿ ಬಂದು, ಈ ನಾಲ್ಕು ದಿನದೊಳಗೆ ಸಿರುಗುಪ್ಪದ ಘಾಟಿನಲ್ಲಿ ಹುಣಸೆಮರದ ಕೆಳಗೆ ಒಂದು ಮೇಜು, ಮೇಜಿನ ಹಿಂದೆ ಬಳ್ಳಾರಿಯಿಂದ ಬಂದ ಟೋಪಿಯ ಸಾಹೇಬ, ಪಕ್ಕದಲ್ಲಿ ದಪ್ಪ ಪುಸ್ತಕ ಹಿಡಿದ, ಊರ ಲೆಕ್ಕ ಬರೆಯುವ ಕರಣಂ ರಾಘಣ್ಣನವರು ಪ್ರತ್ಯಕ್ಷರಾಗಿದ್ದರು. ಕೊಟ್ಟೂರಪ್ಪ ಹರಿಗೋಲಿನಲ್ಲಿ ಬಂದ. ಹರಿಗೋಲಿನ ಗುಣ ನಿಮಗೆ ಗೊತ್ತು, ಅದು ನೆಟ್ಟಗೆ ಹೋಗುವುದಿಲ್ಲ. ಸುತ್ತುತ್ತ ಸುತ್ತುತ್ತ ಹೋಗುತ್ತದೆ. ಒಮ್ಮೆ ಗುಡಿಹಾಳ ಎದುರಿಗೆ ಬರುತ್ತಿತ್ತು, ಒಮ್ಮೆ ಸಿರುಗುಪ್ಪ. ಆಮೇಲೆ ಎರಡೂ ಒಂದೇ ಹಸಿರು ಗೆರೆಯಾಗಿ ತೇಲುತ್ತಿದ್ದವು. ಅವನು ಅರ್ಧ ನಿದ್ದೆಯಲ್ಲಿ ಇಳಿದ. ಕೈಯಲ್ಲಿ ಆಗಲೇ ಕಾಳು ಹಿಡಿದಂತೆ ಮುಷ್ಟಿ ಕಟ್ಟಿತ್ತು.

ರಾಘಣ್ಣನವರು ಕಾಯಿದೆಯಂತೆ ಹೆಸರು ಕೇಳಿದರು. ಹೇಳಿದ. ಯಾವೂರು ಎಂದು ಕೇಳಿದರು.

ಈ ಪ್ರಶ್ನೆಗೆ ನಮ್ಮ ಕಡೆಯ ಗಂಡಸು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅಪ್ಪನ ಊರನ್ನು ಹೇಳುತ್ತಾನೆ. ಮಾವನ ಊರನ್ನು ತನ್ನ ಊರೆಂದು ನಾಲ್ಕು ಜನರ ಮುಂದೆ ಹೇಳಿದವನ ಮೀಸೆಗೆ ಮರ್ಯಾದೆಯಿಲ್ಲ.

“ಗುಡಿಹಾಳ,” ಎಂದ ಕೊಟ್ಟೂರಪ್ಪ.

ರಾಘಣ್ಣನವರ ಲೇಖನಿ ನಿಂತಿತು. ಕೊಟ್ಟೂರಪ್ಪನ ಮದುವೆಯ ಚಪ್ಪರದಲ್ಲಿ ಅವರೇ ಎದುರಿಗೆ ನಿಂತು ಅಕ್ಷತೆ ಹಾಕಿದ್ದರು. ಆದರೆ ಸಾಹೇಬ ಕಿವಿಯಾರೆ ಕೇಳಿ ತಲೆಯಾಡಿಸಿಬಿಟ್ಟಿದ್ದ. ಬರೆದರು. ಕೊಟ್ಟೂರಪ್ಪನಿಗೆ ಎಚ್ಚರವಾಗುವಷ್ಟರಲ್ಲಿ ಕೈಯಲ್ಲೊಂದು ಪಾಸು ಇತ್ತು: ಗುಡಿಹಾಳದ ಕೊಟ್ಟೂರಪ್ಪ, ಪರಸ್ಥಳದವನು, ದೊಡ್ಡಬಸಮ್ಮನ ಮನೆಯಲ್ಲಿ ಹತ್ತು ದಿನ ಇಳಿದುಕೊಳ್ಳಬಹುದು, ದಿನಾ ಬೆಳಗ್ಗೆ ಚಾವಡಿಗೆ ಬಂದು ನಾಲಿಗೆ, ಕಂಕುಳು ತೋರಿಸತಕ್ಕದ್ದು, ಇವನಿಗೆ ಜ್ವರ ಬಂದರೆ ಇಳಿದುಕೊಂಡ ಮನೆಯವರೆಲ್ಲ ಊರ ಹೊರಗಿನ ಗುಡಿಸಲಿಗೆ ಹೋಗತಕ್ಕದ್ದು.

“ರಾಘಣ್ಣೋರ, ನಾ ಇದ ಊರಾಂವ ಅಲ್ಲೇನ್ರಿ?”

“ನನಗ ಗೊತ್ತದಪ್ಪ. ಈ ಪುಸ್ತಕಕ್ಕ ಗೊತ್ತಿಲ್ಲಲ್ಲ,” ಎಂದರು ರಾಘಣ್ಣನವರು, ದನಿ ತಗ್ಗಿಸಿ. “ವಾರಕ್ಕೊಮ್ಮೆ ಬಳ್ಳಾರಿಗೆ ಹೋಗ್ತದ ಇದು. ಹೊಡೆದು ಬರೆದ್ರ ನನ್ನನ್ನ ಹೊಡೆದು ಹಾಕ್ತಾರ.”

ಪೆಚ್ಚಾಗಿ ಮನೆಗೆ ಬಂದ ಅಳಿಯನಿಂದ ದೊಡ್ಡಬಸಮ್ಮ ಎಲ್ಲವನ್ನೂ ಎರಡು ಸಲ ಹೇಳಿಸಿಕೊಂಡಳು. ಆಕೆಗೆ ತಿಳಿದದ್ದು ಒಂದೇ: ಇವನ ಮೈ ಬಿಸಿಯಾದರೆ ಮನೆಗೆ ಬೀಗ. ಆದ್ದರಿಂದ ಬಿಸಿಲು ಬೇಡ, ಕೆಸರು ಬೇಡ, ಮೇವಿನ ಹೊರೆ ಬೇಡ. ಬೇವಿನ ಮರದ ಕೆಳಗೆ ಹೊರಸು ಹಾಕಿಸಿದಳು. ಹೊರಸಿನ ಮೇಲೆ ಕೌದಿ ಬಂತು, ಕೌದಿಯ ಮೇಲೆ ಅಳಿಯ ಬಂದ. ಹನ್ನೆರಡು ವರ್ಷ ಕಟಕ್ ರೊಟ್ಟಿ, ಪುಂಡಿಪಲ್ಯ ತಿಂದ ಹೊಟ್ಟೆಗೆ ಮೊದಲ ದಿನ ಶಾವಿಗೆ ಪಾಯಸ, ಎರಡನೆಯ ದಿನ ತುಪ್ಪ ಸುರಿದ ಹೋಳಿಗೆ. ಮೊದಲ ದಿನ ಅವನು ಸಂಕೋಚದಿಂದ ಬೇಡವೆಂದ. ಎರಡನೆಯ ದಿನ ಬೇಡವೆನ್ನಲು ಮರೆತ. ಮೂರನೆಯ ದಿನ ತುಪ್ಪ ತುಸು ಕಡಿಮೆಯಾಯಿತೆಂದು ಹೇಳಿದ.

ಅವನ ಕೆಲಸ? ಕೆಲಸವೇನು ಓಡಿಹೋಗುತ್ತದೆಯೇ. ಗುರುಬಸಮ್ಮ ಮಾಡಿದಳು. ನಸುಕಿನಲ್ಲಿ ಬೀಸಿ, ನೀರು ತಂದು, ರೊಟ್ಟಿ ಬಡಿದು, ಆಮೇಲೆ ಗಂಡನ ಪಾಲಿನ ಮೇವಿನ ಹೊರೆಯನ್ನೂ ಹೊತ್ತು, ಗದ್ದೆಗೆ ನೀರು ಕಟ್ಟಿ ಬರುತ್ತಿದ್ದಳು. ಬಂದು ಹೊರಸಿನ ಪಕ್ಕ ನಿಂತು ಗಂಡನನ್ನು ಒಂದು ಗಳಿಗೆ ಸುಮ್ಮನೆ ನೋಡುತ್ತಿದ್ದಳು. ಪ್ರೀತಿಯಿಂದ ನೋಡುತ್ತಿದ್ದಾಳೆಂದು ಅವನು ತಿಳಿದ.

ಆ ದಿನಗಳು ಕೊಟ್ಟೂರಪ್ಪನಿಗೆ ನೆಲಕ್ಕೆ ತಾಗದಂತೆ ತೇಲಿ ಹೋದವು. ಮಧ್ಯಾಹ್ನ ಹೊಳೆಯ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ಬೇವಿನ ಹಣ್ಣು ಒಂದೊಂದಾಗಿ ಎದೆಯ ಮೇಲೆ ಬೀಳುತ್ತಿದ್ದವು. ಮುಂಗಾರಿನ ಬೂದು ಮೋಡಗಳು ಮೊಗಲಾಯಿಯ ಮೇಲಿನಿಂದ ಕುಂಪಣಿಯ ಮೇಲಕ್ಕೆ ಯಾವ ಪಾಸೂ ಇಲ್ಲದೆ ನಿಧಾನವಾಗಿ ದಾಟುತ್ತಿದ್ದವು. ಅವುಗಳಿಗೆ ಯಾರೂ ಊರು ಕೇಳುತ್ತಿರಲಿಲ್ಲ. ಊರಿನವನಾಗಿ ಹನ್ನೆರಡು ವರ್ಷ ದುಡಿದದ್ದಕ್ಕಿಂತ ಪರದೇಶಿಯಾಗಿ ಹತ್ತು ದಿನ ಮಲಗುವುದೇ ಮೇಲೆಂಬ ವೇದಾಂತ ಅವನಿಗೆ ಹೊಳೆಯಿತು. ಚಾವಡಿಯಲ್ಲಿ ನಾಲಿಗೆ ನೋಡುತ್ತ ರಾಘಣ್ಣನವರು, ಬೇನೆಯಂತೂ ಇಲ್ಲ, ಹೊಟ್ಟೆ ಮಾತ್ರ ಎರಡು ಬೆರಳು ಮುಂದೆ ಬಂದಿದೆ, ಇದಕ್ಕೆ ಪುಸ್ತಕದಲ್ಲಿ ಅಂಕಣವಿಲ್ಲ ಎಂದರು.

ಎಂಟನೆಯ ದಿನ ಗುರುಬಸಮ್ಮ ಹೊರಸಿನ ಹತ್ತಿರ ಬಂದು, ಅವ್ವ ಕುರುಗೋಡಿಗೆ ಹೇಳಿ ಕಳಿಸುತ್ತಿದ್ದಾಳೆಂದಳು. ಯಾಕೆಂದು ಕೇಳಿದ.

“ಬಿತ್ತಾಕ ಬರ್ಲಿ ಭಾವಾರು ಅಂತ. ಪಾಸಿನ ಮ್ಯಾಲ ಇರೋ ಮಂದಿ ಕಾಳ ಚೆಲ್ಲಿದ್ರ ಬೆಳಿ ಹೊಳಿ ದಾಟಿ ಹೋಗ್ತೈತಿ ಅಂತಾಳ ಅವ್ವ.”

ಹೊರಸು, ಕೌದಿ, ಮೋಡ ಎಲ್ಲ ಒಟ್ಟಿಗೆ ಕುಸಿದವು. ಕೊಟ್ಟೂರಪ್ಪ ಅತ್ತೆಯ ಮುಂದೆ ಹೋಗಿ ನಿಂತು, ತಾನು ಉತ್ತದ್ದು, ಬಿತ್ತಿದ್ದು, ಬೆಳೆದದ್ದು, ಹನ್ನೆರಡು ವರ್ಷದ ಲೆಕ್ಕವನ್ನೆಲ್ಲ ಹೇಳಿದ. ಆ ಒಂದು ಹಿಡಿ ಕಾಳಿನ ಹೊರತು ಈ ಊರಿನಲ್ಲಿ ತನ್ನದೆನ್ನುವುದು ಬೇರೆ ಏನೂ ಇಲ್ಲವೆಂದು ಅವನಿಗೆ ಆಗಲೇ ತಿಳಿದದ್ದು. ದೊಡ್ಡಬಸಮ್ಮ ಕಲ್ಲಲ್ಲ. ಆದರೆ ಬರೆದದ್ದಕ್ಕೆ ಆಕೆಯಲ್ಲಿ ಭಯಭಕ್ತಿ ಬಹಳ.

“ಬರದದ್ದನ್ನ ತಿದ್ದಿಸ್ಕೊಂಡ ಬರ್ರಿ. ಮನಿ ಯಜಮಾನ ಯಾರು ಅಂದ್ರ ನಿಮ್ಮ ಹೆಸರ ಬರೆಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ತಿದ್ದಿದ ದಿನ ಕಾಳಿನ ಬುಟ್ಟಿ ನಿಮ್ದು.”

ಚಾವಡಿಗೆ ಓಡಿದ. ರಾಘಣ್ಣನವರು ಕನ್ನಡಕ ಒರೆಸಿಕೊಂಡು ಉಪಾಯ ಹೇಳಿದರು. ಬರೆದದ್ದನ್ನು ಅಳಿಸಲಾಗದು; ಹೊಸದಾಗಿ ಬರೆಯಬಹುದು. ಹೊಸದಾಗಿ ಬರೆಯಬೇಕಾದರೆ ಘಾಟಿನಲ್ಲಿ ಬಂದು ಇಳಿಯಬೇಕು. ಘಾಟಿನಲ್ಲಿ ಇಳಿಯಬೇಕಾದರೆ ಆಚೆಗೆ ಹೋಗಬೇಕು. ಹತ್ತು ದಿನ ಮುಗಿದ ಕೂಡಲೇ ಹೊಳೆ ದಾಟಿ, ಮರುದಿನ ತಿರುಗಿ ಬಂದು, ಈ ಸಲವಾದರೂ ಬಾಯಲ್ಲಿ ಸರಿಯಾದ ಊರು ಬರುವಂತೆ ನೋಡಿಕೊಳ್ಳಬೇಕು. ಊರಿನವರಿಗೆ ಪಾಸಿಲ್ಲ, ನಾಲಿಗೆ ನೋಡಿ ಬಿಡುತ್ತಾರೆ.

ಗುರುಬಸಮ್ಮ ತಾನೂ ಬರುತ್ತೇನೆಂದಳು.

“ನೀ ಯಾಕ?”

“ಹರಿಗೋಲಿನಾಗ ಕುಂತ್ರ ನಿಮಗ ಕನಸ ಬೀಳ್ತಾವು. ಯಾವೂರು ಅಂದ್ರ ಈ ಸಲ ಕಾಶಿ ಅಂದೀರಿ.”

ಹೋದರು. ಮದುವೆಯಾದ ವರ್ಷದ ಮೇಲೆ ಗುರುಬಸಮ್ಮ ಹರಿಗೋಲು ಹತ್ತಿದ್ದು ಅಂದೇ. ಒಂದು ಕೈಯನ್ನು ನೀರಿಗೆ ಬಿಟ್ಟು, ಸೆರಗು ಜಾರಿದ್ದೂ ತಿಳಿಯದೆ, ಸುತ್ತುವ ದಂಡೆಗಳನ್ನು ನೋಡುತ್ತ ಕುಳಿತಳು. ಕೆಂಪು ನೀರು, ನಡುಗಡ್ಡೆಯ ದೇಶನೂರಿನ ತೆಂಗುಗಳು, ಬಂಡೆಯ ಮೇಲಿನ ಬೆಳ್ಳಕ್ಕಿ, ಎಲ್ಲ ಒಂದು ಸುತ್ತು ಬಂದು ಮತ್ತೆ ಬರುತ್ತಿದ್ದವು. ಇಷ್ಟು ದಿನ ಇದನ್ನು ತನಗೆ ಯಾಕೆ ಹೇಳಲಿಲ್ಲವೆಂದು ಗಂಡನನ್ನು ಕೇಳಿದಳು. ಅವನಿಗೆ ಕೇಳಿಸಲಿಲ್ಲ. ಅವನು ಕಣ್ಣು ಮುಚ್ಚಿ “ಸಿರುಗುಪ್ಪ, ಸಿರುಗುಪ್ಪ” ಎಂದು ಜಪ ಮಾಡುತ್ತಿದ್ದ. ಗುಡಿಹಾಳದಲ್ಲಿ ಅತ್ತಿಗೆ ಗುರುಬಸಮ್ಮನಿಗೆ ಕೂರಲು ಕಂಬಳಿ ಹಾಕಿ, ಕಾಲಿಗೆ ನೀರು ಕೊಟ್ಟು, ಒಂದು ಕಡ್ಡಿ ಎತ್ತಿಡಲೂ ಬಿಡದೆ ಉಪಚಾರ ಮಾಡಿದಳು.

ಮರುದಿನ ಮಧ್ಯಾಹ್ನ ಘಾಟು. ಹೆಸರಾಯಿತು. ಯಾವೂರು?

“ಸಿರುಗುಪ್ಪ,” ಎಂದ ಕೊಟ್ಟೂರಪ್ಪ, ಹುಣಸೆಮರದ ಗಿಳಿಗಳೆಲ್ಲ ಹಾರಿಹೋಗುವಂತೆ. ಮನೆಯ ಯಜಮಾನ ಯಾರೆಂದರು. ತಾನೇ ಎಂದ. ರಾಘಣ್ಣನವರು ಬರೆದರು. ಮಸಿ ಒಣಗುವವರೆಗೂ ಅವನು ಆ ಅಕ್ಷರಗಳನ್ನು ನೋಡುತ್ತ ನಿಂತ; ಓದಲು ಬರದಿದ್ದರೂ ಅವು ಬಹಳ ಚೆಂದ ಕಂಡವು.

ಆಮೇಲೆ ಗುರುಬಸಮ್ಮನ ಸರದಿ. ಆಕೆ ಸೆರಗನ್ನು ಹಣೆಯವರೆಗೆ ಎಳೆದು, ಕಣ್ಣನ್ನು ನೆಲಕ್ಕಿಳಿಸಿ, ಪತಿವ್ರತೆಯರ ಸಾಲಿನಲ್ಲಿ ಮೊದಲು ನಿಲ್ಲಿಸಬೇಕೆನ್ನುವಂತೆ ನಿಂತಳು. ಯಾವೂರು ತಾಯಿ ಎಂದು ರಾಘಣ್ಣನವರು ಕೇಳಿದರು.

“ಹೆಣ್ಣಮಕ್ಕಳಿಗೆ ಬ್ಯಾರೆ ಊರು ಎಲ್ಲಿಂದ ಬರಬೇಕ್ರಿ? ಗಂಡನ ಅಪ್ಪನ ಊರು. ಗುಡಿಹಾಳ.”

ಲೇಖನಿ ಎರಡನೆಯ ಸಲ ನಿಂತಿತು. ಸಾಹೇಬ ಎರಡನೆಯ ಸಲ ತಲೆಯಾಡಿಸಿದ. ಇವಳು ಹುಟ್ಟಿದ್ದೇ ಸಿರುಗುಪ್ಪದಲ್ಲಿ ಎಂದು ಕೊಟ್ಟೂರಪ್ಪ ಬಾಯಿ ಬಡಿದುಕೊಂಡ.

“ಹುಟ್ಟಿದ ಊರು ಯಾರು ಕೇಳ್ತಾರಪ್ಪ? ಕೊಟ್ಟ ಊರೇ ಹೆಣ್ಣಿನ ಊರು. ಧರ್ಮದ ಮಾತು ಹೇಳ್ಯಾಳ ಆಕಿ,” ಎಂದು ರಾಘಣ್ಣನವರು ಬರೆಯತೊಡಗಿದರು. “ಯಾರ ಮನ್ಯಾಗ ಇಳ್ಕೊಂತಿ ತಾಯಿ?”

ಗಂಡನ ಹೆಸರು ಹೇಳಬಾರದಲ್ಲ. ಗುರುಬಸಮ್ಮ ಸೆರಗಿನೊಳಗಿಂದ ಒಂದು ಬೆರಳು ತೆಗೆದು ಯಜಮಾನನನ್ನು ತೋರಿಸಿದಳು.

ಬಿತ್ತನೆಯ ದಿನ ಸಣ್ಣ ಮಳೆ ಹನಿಯುತ್ತಿತ್ತು. ಕೊಟ್ಟೂರಪ್ಪ ಮಡಿಯೊಳಗಿಳಿದು ಮೊದಲ ಹಿಡಿ ಚೆಲ್ಲಿದ. ಮೊಳಕೆಯೊಡೆದ ಕಾಳು ಗಾಳಿಯಲ್ಲಿ ಬಂಗಾರದ ಬಲೆಯಂತೆ ಹರಡಿ ಇಳಿಯಿತು. ಅವನ ಕಣ್ಣು ತುಂಬಿತು. ಇನ್ನೊಂದು ಗಳಿಗೆ ಅಲ್ಲೇ ನಿಂತಿರುತ್ತಿದ್ದ. ಆದರೆ ಬದುವಿನಿಂದ ದೊಡ್ಡಬಸಮ್ಮ ಕರೆದಳು. “ಯಜಮಾನ್ರ, ಮನ್ಯಾಗ ಬೀಗರು ಹಸಕೊಂಡು ಕುಂತಾರ. ಆಕಿ ಮೈ ಬೆಚ್ಚಗಾದ್ರ ಗುಡಿಸಲಕ್ಕ ಹೋಗಾವ್ರು ನಾವು.”

ಆ ಹತ್ತು ದಿನ ಸಿರುಗುಪ್ಪದ ಹೆಂಗಸರು ಕಾಲುವೆಯ ಮೆಟ್ಟಿಲ ಮೇಲೆ ಕೊಡ ಹಿಡಿದ ಯಜಮಾನನಿಗೆ ದಾರಿ ಬಿಟ್ಟು ಕೊಟ್ಟರು. ಬೀಸುಕಲ್ಲು ಅವನನ್ನೇ ಬೀಸಿತು. ಅವನು ಬಡಿದ ರೊಟ್ಟಿಗಳು ನಿಜಾಮನ ಸೀಮೆಯ ನಕ್ಷೆಯಂತೆ ಕಂಡಕಂಡ ಕಡೆಗೆ ಚಾಚಿಕೊಂಡಿದ್ದವು. ಹೊರಸಿನ ಮೇಲೆ ಗುರುಬಸಮ್ಮ ಅಂಗಾತ ಮಲಗಿ ಮೋಡ ನೋಡುತ್ತಿದ್ದಳು. ಒಮ್ಮೆ ಅವನು ಪಕ್ಕದಲ್ಲಿ ಮೇವಿನ ಹೊರೆ ಇಳಿಸಿ ಸುಮ್ಮನೆ ನೋಡಿದ. ಪ್ರೀತಿಯಿಂದಲ್ಲ.

ಹತ್ತನೆಯ ದಿನ ಬೆಳಕು ಹರಿಯುವ ಮೊದಲೇ ಅವನು ಹೆಂಡತಿಯನ್ನು ಚಾವಡಿಗೆ ಕರೆದೊಯ್ದು, ಅವಧಿ ಮುಗಿಯಿತು, ಇವಳನ್ನು ಊರವಳೆಂದು ಬರೆದುಕೊಳ್ಳಿ ಎಂದು ಕೈ ಮುಗಿದ. ಅದನ್ನು ಇಲ್ಲಿ ಬರೆಯಲಾಗದು, ಘಾಟಿನಲ್ಲೇ ಆಗಬೇಕು, ನಿನಗೆ ಗೊತ್ತಿದ್ದದ್ದೇ ಎಂದರು ರಾಘಣ್ಣನವರು.

“ನಾನೂ ಅದನ್ನ ಅಂದೆ ನೋಡ್ರಿ,” ಎಂದಳು ಗುರುಬಸಮ್ಮ. “ಹರಿಗೋಲಿಗೆ ಹೇಳಿ ಬಂದೀನಿ. ಅವ್ವನೂ ಬರ್ತಾಳಂತ. ಆಕಿ ಹೊಳಿ ದಾಟಿ ನಲವತ್ತು ವರ್ಷ ಆತಂತ.”

ತಾಯಿ, ಮಗಳು ಇಬ್ಬರೂ ಹೊರಟರು. ಮನೆಯ ಯಜಮಾನನಾದವನು ಮನೆಗೆ ಬೀಗ ಹಾಕಿ ಹೋಗುವಂತಿಲ್ಲ, ದನಗಳಿವೆ, ಸಸಿಮಡಿಯಿದೆ. ಹರಿಗೋಲು ಸುತ್ತುತ್ತ ದೂರವಾಯಿತು. ತಾಯಿಯ ಮುಖ, ಮಗಳ ಮುಖ, ಮತ್ತೆ ತಾಯಿಯ ಮುಖ, ಇಬ್ಬರೂ ನಗುತ್ತಿದ್ದರು. ಕೊಟ್ಟೂರಪ್ಪ ದಂಡೆಯ ಮೇಲೆ ಬಹಳ ಹೊತ್ತು ನಿಂತ. ನೋಡಿದವರು ಅವನು ಕನಸು ಕಾಣುತ್ತಿದ್ದಾನೆಂದುಕೊಂಡರು. ಅವನು ನಾಳೆ ಬರುವ ಬೀಗರು ಇಬ್ಬರಾದರೆ ಹೋಳಿಗೆಗೆ ಎಷ್ಟು ಕಡಲೆಬೇಳೆ ನೆನೆಹಾಕಬೇಕೆಂದು ಯೋಚಿಸುತ್ತಿದ್ದ.