ಅತ್ತೆಗೊಂದು ಬಿಸಿ ತುತ್ತು

ನಮ್ಮ ಅತ್ತೆ ಊಟ ಮಾಡಿದ್ದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು! ನಾನು ಅವಳ ಮನೆಯಲ್ಲೇ ಇದ್ದುಕೊಂಡು ಕಲಬುರಗಿ ಕಡೆಯ ವಾಡಿಯಲ್ಲಿ ಶಾಲೆ ಓದಿದವಳು. ಅವಳು ರೊಟ್ಟಿ ಬಡಿಯುವುದನ್ನು ನೋಡಿದ್ದೇನೆ, ಪಲ್ಯಕ್ಕೆ ಒಗ್ಗರಣೆ ಹಾಕುವುದನ್ನು ನೋಡಿದ್ದೇನೆ, ಬಡಿಸುವುದನ್ನಂತೂ ಕೇಳಲೇಬೇಡಿ. ಆದರೆ ಉಣ್ಣುವುದು? ಹುಲಿ ಜಿಂಕೆಯನ್ನು ತಿನ್ನುವುದನ್ನು ಟಿವಿಯಲ್ಲಾದರೂ ನೋಡಿದ್ದೇನೆ, ಅತ್ತೆ ರೊಟ್ಟಿ ತಿನ್ನುವುದನ್ನು ನೋಡಿಲ್ಲ. ಎಲ್ಲರದೂ ಮುಗಿದು ಪಾತ್ರೆಗಳು ಬಚ್ಚಲಿಗೆ ಹೋಗುವ ಹೊತ್ತಿಗೆ, ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಏನೋ ಒಂದಿಷ್ಟು ಬಾಯಿಗೆ ಹಾಕಿಕೊಳ್ಳುತ್ತಿದ್ದಳು ಎಂಬುದು ನಮ್ಮ ಊಹೆ. ಸಾಕ್ಷಿ ಇಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಅವಳ ಗಂಡ, ನಮ್ಮ ಮಾಮ, ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಅವರ ಊಟದ ಹೊತ್ತನ್ನು ಗೊತ್ತು ಮಾಡುತ್ತಿದ್ದದ್ದು ಹಸಿವೆಯಲ್ಲ, ಗೂಡ್ಸ್ ಗಾಡಿ. ಗಾಡಿ ಬಂದಾಗ ಅವರಿಗೆ ಬಿಸಿ ರೊಟ್ಟಿ. ಮಗಳು ರೇಣುಕಾ ಶಾಲೆಯಿಂದ ಬಂದಾಗ ಅವಳಿಗೆ ಬಿಸಿ ರೊಟ್ಟಿ. ನಾನು ಟ್ಯೂಷನ್ನಿನಿಂದ ಬಂದಾಗ ನನಗೆ. ಪಕ್ಕದ ಕ್ವಾರ್ಟರ್ಸಿನವನ ಹೆಂಡತಿ ತವರಿಗೆ ಹೋಗಿದ್ದರೆ ಅವನಿಗೂ.

"ಬಿಸಿ ಇದ್ದಾಗೇ ಉಣ್ರಿ, ಆರಿದ್ರ ಏನ್ ರುಚಿ!" ಎಂದು ನಮ್ಮ ಬೆನ್ನು ಹತ್ತುತ್ತಿದ್ದಳು.

"ನೀ ಯಾವಾಗ ಉಣ್ತೀ ಅತ್ತಿ?"

"ನಂದೇನು, ಆಮ್ಯಾಲ."

ಈ 'ಆಮ್ಯಾಲ' ಎಷ್ಟು ಗಂಟೆಗೆ ಬರುತ್ತದೆ, ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂಬುದು ಜೀವನವಿಡೀ ರೈಲಿನಲ್ಲೇ ಕಳೆದ ಮಾಮನಿಗೂ ಗೊತ್ತಿರಲಿಲ್ಲ.

ಒಮ್ಮೆ ಸೇಡಂನಲ್ಲಿ ನಮ್ಮ ಸಂಬಂಧಿಕರೊಬ್ಬರ ಮದುವೆ. ನಾವು ಗಂಡಿನ ಕಡೆಯವರು, ಅಂದರೆ ಕಾಲ ಮೇಲೆ ಕಾಲು ಹಾಕಿಕೊಂಡು ಉಪಚಾರ ಮಾಡಿಸಿಕೊಳ್ಳಬೇಕಾದವರು! ಅತ್ತೆಯನ್ನು ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂರಿಸಿಕೊಂಡಿದ್ದೆ. ಉಪ್ಪು ಬಂತು, ಉಪ್ಪಿನಕಾಯಿ ಬಂತು, ತಿರುಗಿ ನೋಡಿದರೆ ಅತ್ತೆ ಮಾಯ! ನೋಡುತ್ತೇನೆ, ಪಂಕ್ತಿಯ ಆ ತುದಿಯಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಧಿ ಹುಗ್ಗಿಯ ಬಕೆಟ್ಟು ಹಿಡಿದು ಬರುತ್ತಿದ್ದಾಳೆ.

"ಏನ್ ಮಾಡಾಕತ್ತೀ ಅತ್ತಿ? ನಾವು ಬೀಗರು!"

"ಬೀಗರಾದ್ರ ಏನಾತು? ಆ ಬಡ್ಸಾಂವ ಮುದುಕರಿಗೆ ಹುಗ್ಗಿ ಹಾಕಿ ತುಪ್ಪಾ ಹಾಕ್ಲಾರ್ದೇ ಹೊಂಟಿದ್ದ. ನೋಡ್ಕೋತ ಹ್ಯಾಂಗ ಕೂಡ್ಲಿ?"

ಅವಳು ಬಡಿಸುವ ಚುರುಕು ನೋಡಿ ಅಡುಗೆ ಗುತ್ತಿಗೆದಾರನಿಗೆ ಆಸೆ ಹುಟ್ಟಿತು. ಹತ್ತಿರ ಬಂದು, "ಅಕ್ಕಾರ, ಬರೋ ಸೋಮವಾರ ಚಿತ್ತಾಪುರದಾಗ ಒಂದ್ ಮದಿವಿ ಅದ. ಬರ್ತೀರೇನ್ರಿ?" ಎಂದು ಕೇಳಿಯೇ ಬಿಟ್ಟ. ಮಾಮನ ಮುಖ ಕೆಂಡವಾಯಿತು. ಅತ್ತೆಯೋ, ಎಷ್ಟು ಮಂದಿಗೆ ಅಡುಗೆ ಎಂದು ವಿಚಾರಿಸುತ್ತಿದ್ದಳು!

ಇದೆಲ್ಲ ನಗುವ ಮಾತಾಗಿಯೇ ಉಳಿಯುತ್ತಿತ್ತು, ಕಳೆದ ಬೇಸಿಗೆಯಲ್ಲಿ ಅತ್ತೆ ಒಲೆಯ ಮುಂದೆಯೇ ತಲೆತಿರುಗಿ ಬೀಳದಿದ್ದರೆ. ಮನೆಗೆ ನೆಂಟರು ಬಂದಿದ್ದರು. ಬೆಳಗಿನ ಚಹಾದ ಮೇಲೆ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕಲಬುರಗಿಯ ಆಸ್ಪತ್ರೆಗೆ ಒಯ್ದೆವು. ಮರುದಿನ ರೇಣುಕಾ ತನ್ನ ಕೆಲಸದ ಊರಿನಿಂದ ಓಡಿ ಬಂದಳು. ಡಾಕ್ಟರು ಮತ್ತೆ ಪರೀಕ್ಷೆ ಮಾಡಿ ಗದರಿದರು: "ಮೈಯಾಗ ರಕ್ತ ಇಲ್ಲ, ಬಿ.ಪಿ. ಭಾಳ ಇಳದದ. ಹೊತ್ತಿಗೆ ಸರಿಯಾಗಿ ಉಣ್ಣಲಿಲ್ಲಂದ್ರ ಮುಂದಿನ ಸಲ ಎದ್ದು ಕೂಡೂದು ಗ್ಯಾರಂಟಿ ಇಲ್ಲ ನೋಡ್ರಿ."

ಕೈಗೆ ಸಲೈನ್ ಚುಚ್ಚಿಸಿಕೊಂಡು ಮಲಗಿದ್ದ ಅತ್ತೆ ಕ್ಷೀಣ ದನಿಯಲ್ಲಿ ಕೇಳಿದಳು: "ಡಾಕ್ಟ್ರ, ಭಾಳ ಹೊತ್ತಾತು. ನಿಮ್ದು ಊಟಾ ಆಗ್ಯಾದಿಲ್ರಿ?"

ಡಾಕ್ಟರು ನಕ್ಕರು, ನರ್ಸು ನಕ್ಕಳು, ನಾನೂ ನಕ್ಕೆ. ರೇಣುಕಾ ನಗಲಿಲ್ಲ.

ರೇಣುಕಾಗೆ ಗೋಕರ್ಣದಲ್ಲಿ ಬ್ಯಾಂಕಿನ ಕೆಲಸ. ಅಂದಿನಿಂದ ಅವಳದು ಒಂದೇ ಹಟ. ಅವ್ವನನ್ನು ಆ ಒಲೆಯಿಂದ ದೂರ ಎಳೆದು ತರಬೇಕು, ಎಲ್ಲರ ಜೊತೆ ಕೂರಿಸಬೇಕು, ಬಿಸಿಬಿಸಿಯಾಗಿ ಉಣ್ಣಿಸಬೇಕು. ರೂಢಿ ಒಮ್ಮೆ ಮುರಿದರೆ ಮನೆಗೆ ಮರಳಿದ ಮೇಲೂ ಹೊತ್ತಿಗೆ ಉಂಡಾಳು ಎಂಬ ಆಸೆ. ಅವಳ ಬಾಡಿಗೆ ಕೋಣೆಯಲ್ಲಿ ಒಲೆಯೇ ಇಲ್ಲ, ಅದಕ್ಕಿಂತ ದೊಡ್ಡ ಅನುಕೂಲ ಬೇಕೆ? ಹೀಗೆ ನಾನು, ಮಾಮ, ಅತ್ತೆ ಹೊರಟೆವು. ಜನ ಗೋಕರ್ಣಕ್ಕೆ ದೇವರಿಗಾಗಿ ಹೋಗುತ್ತಾರೆ, ಸಮುದ್ರಕ್ಕಾಗಿ ಹೋಗುತ್ತಾರೆ. ಒಬ್ಬ ಹೆಂಗಸಿಗೆ ಊಟ ಮಾಡಿಸಲು ಹೋದವರು ಬಹುಶಃ ನಾವೇ ಮೊದಲು!

ರೈಲಿನಲ್ಲೇ ಅಪಶಕುನವಾಯಿತು. ಅತ್ತೆ ಕಟ್ಟಿಕೊಂಡು ಬಂದಿದ್ದ ಒಣಗಿಸಿದ ಕಟಿ ರೊಟ್ಟಿಯ ಗಂಟು ಬಿಚ್ಚಿದ್ದೇ ತಡ, ಬೋಗಿಯೇ ಪಂಕ್ತಿಯಾಯಿತು. ಎದುರಿನ ಸೀಟಿನ ಸಂಸಾರಕ್ಕೆ ರೊಟ್ಟಿ, ಮೇಲಿನ ಬರ್ತಿನಲ್ಲಿ ಮಲಗಿದ್ದವನನ್ನು ಎಬ್ಬಿಸಿ ರೊಟ್ಟಿ. "ನಿದ್ದಿ ಆಮ್ಯಾಲ ಮಾಡ್ರಿ, ಮೊದಲ ಉಣ್ರಿ." ಚಹಾ ಮಾರುವವನು ನಮ್ಮಲ್ಲಿಗೆ ಬಂದಾಗ ಅವನ ಕೈಗೂ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಬಂತು. ಅವನು ಸೀಟಿನ ತುದಿಯಲ್ಲಿ ಕೂತು ತಿಂದು, ಕೈ ಒರೆಸಿಕೊಂಡು, ಚಹಾ ಮಾರುವುದನ್ನೇ ಮರೆತು ಹೋದ. ಗಂಟು ಖಾಲಿಯಾದಾಗ ಉಳಿದದ್ದು ಚಟ್ನಿಯ ಡಬ್ಬಿ ಒಂದೇ. ಮಾಮ ಹಣೆ ಚಚ್ಚಿಕೊಂಡರು.

ರೇಣುಕಾ ಮರುದಿನ ಮಧ್ಯಾಹ್ನ ನಮ್ಮನ್ನು ಕರೆದೊಯ್ದದ್ದು ಕಡಲ ದಂಡೆಗೆ ಇಳಿಯುವ ಓಣಿಯ ಹೋಟೆಲಿಗೆ. ಮುಂದೆ ಬೇಕರಿ, ಹಿಂದೆ ಊಟದ ಜಾಗ. ಗಾಜಿನ ಕಪಾಟಿನ ತುಂಬ ಬ್ರೆಡ್ಡು, ಬನ್ನು, ಕೇಕು. ಒಳಗೆ ತೆಂಗಿನ ಗರಿಯ ಚಪ್ಪರ, ಬೆತ್ತದ ಕುರ್ಚಿ, ಕಾಲಡಿಯಲ್ಲಿ ಮರಳು. ಚಡ್ಡಿ ಹಾಕಿಕೊಂಡ ದೇಶವಿದೇಶದ ಮಂದಿ ಅಲ್ಲಲ್ಲಿ ಕೂತಿದ್ದರು. ನಾನು ಅತ್ತೆಯ ಕಣ್ಣು ಆ ಚಡ್ಡಿಗಳ ಮೇಲೆ ಬಿದ್ದೀತೆಂದು ಹೆದರಿದ್ದೆ. ಅದು ಬಿದ್ದದ್ದು ತಟ್ಟೆಗಳ ಮೇಲೆ.

ನಮ್ಮ ವ್ಯೂಹ ಭದ್ರವಾಗಿತ್ತು. ಅತ್ತೆ ಗೋಡೆಯ ಬದಿಗೆ, ಒಂದು ಪಕ್ಕ ನಾನು, ಇನ್ನೊಂದು ಪಕ್ಕ ರೇಣುಕಾ, ಎದುರಿಗೆ ಮಾಮ. ತಪ್ಪಿಸಿಕೊಳ್ಳುವುದು ಸಾಧ್ಯವೇ ಇರಲಿಲ್ಲ. ಆದರೆ ಪಕ್ಕದ ಮೇಜಿನಲ್ಲಿ ಬಿಳಿ ಗಡ್ಡದ ವಿದೇಶಿ ಮುದುಕನೊಬ್ಬ ಒಬ್ಬನೇ ಕೂತು ಬ್ರೆಡ್ಡು ಮುರಿಯುತ್ತಿದ್ದ.

"ಪಾಪ, ಬರೇ ಬ್ರೆಡ್ ತಿನ್ನಾಕತ್ತಾನ. ಹಚ್ಕೊಳ್ಳಾಕ ಏನೂ ಇಲ್ಲ," ಎಂದಳು ಅತ್ತೆ.

"ಅವರ ಊಟಾನೇ ಹಂಗ ಇರ್ತದ. ಸುಮ್ನ ಕೂಡು," ಎಂದರು ಮಾಮ.

"ಕೈ ತೊಳ್ಕೊಂಡ್ ಬರ್ತೀನಿ."

ಕೈ ತೊಳೆಯುವುದನ್ನು ಬೇಡ ಎನ್ನಲಾದೀತೆ? ರೇಣುಕಾ ಎದ್ದು ದಾರಿ ಕೊಟ್ಟಳು. ಅಷ್ಟೇ! ಕಣ್ಣು ಮಿಟುಕಿಸುವುದರಲ್ಲಿ ಅತ್ತೆ ಆ ಮುದುಕನ ಪಕ್ಕದಲ್ಲಿ ನಿಂತು ರೈಲಿನಲ್ಲಿ ಉಳಿದಿದ್ದ ಡಬ್ಬಿಯಿಂದ ಅವನ ಬ್ರೆಡ್ಡಿನ ಮೇಲೆ ಶೇಂಗಾ ಚಟ್ನಿಪುಡಿ ಸುರಿಯುತ್ತಿದ್ದಳು. "ತಿನ್ರಿ, ನಾಚ್ಕೋಬ್ಯಾಡ್ರಿ." ಅವನು ನಾಚಿಕೊಳ್ಳದೆ ತಿಂದ. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ಕಣ್ಣಿಂದ ನೀರು ಸುರಿಯಿತು. ಒಂದು ಜಗ್ಗು ನೀರು ಕುಡಿದು ಸುಧಾರಿಸಿಕೊಂಡು, ತಟ್ಟೆಯನ್ನು ಮತ್ತೆ ಮುಂದೆ ಮಾಡಿದ!

ಗದ್ದಲ ಕಂಡು ಹೋಟೆಲಿನ ಯಜಮಾನ ಕೌಂಟರಿನಿಂದ ಎದ್ದು ಬಂದ. "ಅಮ್ಮ, ಹೊರಗಿನ ತಿಂಡಿಯೆಲ್ಲ ಇಲ್ಲಿ ಬಡಿಸೋ ಹಾಗಿಲ್ಲ," ಎಂದ ಬಿಗಿಯಾಗಿ.

ಅತ್ತೆ ಅವನ ಮುಖವನ್ನೇ ನೋಡಿದಳು. "ನಿಮ್ದು ಊಟಾ ಆಗಿಲ್ಲ, ಹೌದಿಲ್ರಿ?"

ಯಜಮಾನ ತಬ್ಬಿಬ್ಬಾದ. "ಇಲ್ಲ... ಬೆಳಿಗ್ಗೆಯಿಂದ ರಶ್ಶು, ಏಳೋಕೇ ಆಗ್ಲಿಲ್ಲ."

"ಮಾರಿ ನೋಡಿದ್ರೇ ತಿಳೀತದ. ಬರ್ರಿ, ಕುಂದ್ರಿ."

ಕೂರಿಸಿದ್ದು ಎಲ್ಲಿ ಅಂತೀರಿ? ನಾವು ಅಷ್ಟು ಕಷ್ಟಪಟ್ಟು ಕಾದುಕೊಂಡಿದ್ದ ಅವಳದೇ ಕುರ್ಚಿಯಲ್ಲಿ! ಮೇಜಿನ ಮೇಲೆ ಬಂದಿಳಿದಿದ್ದ ನಮ್ಮ ಅನ್ನ, ಸಾರನ್ನು ಅವನಿಗೆ ಬಡಿಸಿದಳು. ದೂರು ಹೇಳಲು ಬಂದ ಮನುಷ್ಯ ತನ್ನದೇ ಹೋಟೆಲಿನ ಊಟವನ್ನು ನಮ್ಮ ಅತ್ತೆಯ ಕೈಯಿಂದ ಹಾಕಿಸಿಕೊಂಡು ಉಣ್ಣತೊಡಗಿದ. ಅತ್ತೆಗೆ ಈಗ ಕುರ್ಚಿಯೇ ಇರಲಿಲ್ಲ. ಅವಳ ಮುಖದಲ್ಲಿ ಏನು ಸಂತೋಷ!

ರೇಣುಕಾ ತನ್ನ ತಟ್ಟೆಯನ್ನು ದೂಡಿಬಿಟ್ಟಳು.

"ಅವ್ವಾ, ನೀ ಬಿದ್ದೀ ಅಂತ ಫೋನ್ ಬಂದಾಗ ನಾ ಇಲ್ಲಿಂದ ಹ್ಯಾಂಗ ಬಂದೀನಿ ಗೊತ್ತದ ನಿನಗ? ಬಸ್ಸಿನಾಗ ದಾರೀ ತುಂಬ, ನಾ ಹೋಗೂತನಕ ಅವ್ವ ಇರ್ತಾಳೋ ಇಲ್ಲೋ ಅಂತ ಅಳ್ಕೋತ ಬಂದೀನಿ. ಎಲ್ಲಾರ ಹೊಟ್ಟಿ ನಿನಗ ಕಾಣ್ತದ. ನನ್ನ ಹೊಟ್ಟ್ಯಾಗಿನ ಸಂಕಟ ಕಾಣಂಗಿಲ್ಲೇನು? ನೀ ಮೊದಲ ಉಣ್ಣು. ಇಲ್ಲಂದ್ರ ನಾ ಉಣ್ಣಂಗಿಲ್ಲ."

ಮಾಮ ಕೈ ಕಟ್ಟಿ ಕೂತರು. ನಾನೂ ಕೈ ಕಟ್ಟಿದೆ. ಯಜಮಾನ ಅರ್ಧ ಊಟದಿಂದ ಎದ್ದು, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಒಳಗೆ ಹೋಗಿ ಬೇಕರಿಯ ಒಲೆಯಿಂದ ಆಗಷ್ಟೇ ತೆಗೆದ ಪಿಜ್ಜಾ ತಂದು ಅವಳ ಮುಂದಿಟ್ಟ. ಅತ್ತೆ ಸುತ್ತ ನೋಡಿದಳು. ಬಡಿಸೋಣವೆಂದರೆ ಯಾರೂ ತಟ್ಟೆ ಮುಂದೆ ಮಾಡಲಿಲ್ಲ.

"ಇದು ರೊಟ್ಟಿನೇ ಅದ. ಪಲ್ಯಾ ಮ್ಯಾಲೇ ಹಾಕ್ಯಾರ ಅಷ್ಟ," ಎಂದು ಗೊಣಗಿ ಒಂದು ತುಂಡು ಎತ್ತಿಕೊಂಡಳು. ಸುಡುವ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುವ ಬೆರಳುಗಳು, ಅವುಗಳಿಗೆ ಬಿಸಿ ತಿಳಿಯಲಿಲ್ಲ. ಹಾಗೆಯೇ ಬಾಯಿಗಿಟ್ಟುಕೊಂಡಳು.

"ಅಯ್ಯಯ್ಯೋ!" ಎಂದು ಬಾಯಿ ತೆರೆದು, ಕೈಯಿಂದ ಗಾಳಿ ಹಾಕಿಕೊಂಡಳು. ನಾಲಿಗೆ ಸುಟ್ಟಿತ್ತು. ನಾವೆಲ್ಲ ಗೊಳ್ಳೆಂದು ನಕ್ಕೆವು. ಅತ್ತೆ ಮಾತ್ರ ಗಾಬರಿಯಿಂದ ನಮ್ಮೊಬ್ಬೊಬ್ಬರ ಮುಖವನ್ನೂ ನೋಡಿದಳು.

"ಬಿಸೀದು ಇಷ್ಟು ಸುಡ್ತದೇನು? ನಾ ನಿಮಗೆಲ್ಲಾ ಹಂಚಿನ ಮ್ಯಾಲಿಂದು ಹಂಗೇ ಹಾಕ್ತಿದ್ನಲ್ಲ... ನಿಮ್ಮ ನಾಲಗಿ ಸುಡ್ತಿತ್ತೇನ್ರೇ? ಒಬ್ರಾದ್ರೂ ಹೇಳಬಾರ್ದಾ!"

ನಮ್ಮ ನಗು ಅಲ್ಲೇ ನಿಂತಿತು. ಇಷ್ಟು ವರ್ಷ ನಮಗೆಲ್ಲ ಬಿಸಿ ರೊಟ್ಟಿ ಹಾಕಿದವಳಿಗೆ ಬಿಸಿ ತಿನ್ನುವುದೇ ಗೊತ್ತಿರಲಿಲ್ಲ. ರೇಣುಕಾ ಅವ್ವನ ಹೆಗಲಿಗೆ ಮುಖ ಹಚ್ಚಿಬಿಟ್ಟಳು.

ಮಾಮ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡು ಒಂದು ಸಣ್ಣ ತುಂಡು ಮುರಿದರು. ಮೀಸೆ ಅಲುಗುವಂತೆ ಉಫ್ ಉಫ್ ಎಂದು ಊದಿದರು. ತುಟಿಗೆ ತಾಗಿಸಿ ನೋಡಿ, ಇನ್ನೊಮ್ಮೆ ಊದಿ, ಅವಳ ಕೈಗೆ ಕೊಟ್ಟರು. "ಹಿಂಗ ಊದ್ಕೋತ ತಿನ್ಬೇಕು. ಈಗ ತಿನ್ನು."

ಅತ್ತೆ ತಿಂದಳು. ಮುಂದಿನ ತುಂಡನ್ನು ತಾನೇ ಮುರಿದು, ತಾನೇ ಊದಿಕೊಂಡು ತಿಂದಳು. "ಛಲೋ ಅದ," ಎಂದು ಇನ್ನೊಂದಕ್ಕೆ ಕೈ ಚಾಚಿದಳು. ನಾವು ಯಾರೂ ಇನ್ನೂ ಶುರು ಮಾಡಿರಲಿಲ್ಲ. ಸುಮ್ಮನೆ ಅವಳನ್ನೇ ನೋಡುತ್ತ ಕೂತಿದ್ದೆವು, ನಮ್ಮ ತಟ್ಟೆಗಳಲ್ಲಿದ್ದದ್ದು ಆರಿ ತಣ್ಣಗಾಗುತ್ತಿತ್ತು. ಆಗಲಿ ಬಿಡಿ, ನಮ್ಮದೇನು, ಆಮೇಲೆ!