ಬೈಂಡರನ ಶುಗರಿಗೆ ಮೂವರ ಕಾವಲು

ಎಲ್ಲ ಫಜೀತಿಗೂ ಕಾರಣ ಪ್ರೆಸ್ಸಿನಲ್ಲಿ ಪುಸ್ತಕ ಕಟ್ಟುವ ಬೈಂಡರನ ತೋಳಿಗೆ ಅಂಟಿಸಿದ್ದ ಒಂದು ಬಿಲ್ಲೆ. ನಾಣ್ಯದಷ್ಟಗಲದ ಆ ಸೆನ್ಸರ್ ಅವನ ಶುಗರ್ ಎಷ್ಟಿದೆಯೆಂದು ಐದೈದು ನಿಮಿಷಕ್ಕೊಮ್ಮೆ ಫೋನಿಗೆ ಹೇಳುತ್ತಿತ್ತು. ಅಷ್ಟಕ್ಕೇ ನಿಂತಿದ್ದರೆ ಪುಣ್ಯ. ಹೆಂಡತಿ ಅದನ್ನು ತನ್ನ ಫೋನಿಗೂ, ಪ್ರೆಸ್ಸಿನ ಮಷೀನ್‌ಮ್ಯಾನನ ಫೋನಿಗೂ, ಪ್ರೂಫ್ ನೋಡುವ ಅಕ್ಕನ ಫೋನಿಗೂ ಜೋಡಿಸಿಬಿಟ್ಟಿದ್ದಳು. ಹತ್ತನೇ ವಯಸ್ಸಿನಿಂದ ಟೈಪ್ ಒನ್ ಡಯಾಬಿಟಿಸ್ ಜೊತೆ ಸಂಸಾರ ಮಾಡಿ, ದಿನಾ ಇನ್ಸುಲಿನ್ ಚುಚ್ಚಿಕೊಂಡು ನಲವತ್ತು ದಾಟಿದ್ದವನಿಗೆ ಈಗ ಒಂದು ಬಿಸ್ಕತ್ತು ಮುಟ್ಟಿದರೂ ಮೂರು ಕಡೆಯಿಂದ ವಿಚಾರಣೆ.

ಕಳೆದ ಸಲ ಡಾಕ್ಟರ ಮುಂದೆ ಗೋಳಾಡಿದ್ದ. ಅವರು ಹೆಂಡತಿಯ ಎದುರಿಗೇ ಮಾತು ಕೊಟ್ಟಿದ್ದರು: ಹದಿನಾಲ್ಕು ದಿನದಲ್ಲಿ ನೂರಕ್ಕೆ ಎಪ್ಪತ್ತು ಪಾಲು ಹೊತ್ತು ಶುಗರ್ ಎಪ್ಪತ್ತಕ್ಕಿಂತ ಇಳಿಯದೆ, ನೂರ ಎಂಬತ್ತು ದಾಟದೆ ಹದ್ದಿನಲ್ಲಿರಬೇಕು, ಕೆಟ್ಟ ಕೊಲೆಸ್ಟ್ರಾಲ್ ನೂರರೊಳಗೆ, ಬಿಪಿ ನೂರಮೂವತ್ತರೊಳಗೆ. ಮೂರೂ ಆದರೆ ಮೂವರನ್ನೂ ಫೋನಿನಿಂದ ಕಿತ್ತುಹಾಕುವುದು.

ಇವತ್ತು ಸಂಜೆ ನಾಲ್ಕು ಗಂಟೆಗೆ ಆ ಪರೀಕ್ಷೆ. ಕೊಲೆಸ್ಟ್ರಾಲ್ ವರದಿ ಬಂದಾಗಿತ್ತು, ಎಂಬತ್ತೆಂಟು. ಶುಗರ್ ಎಪ್ಪತ್ತೊಂದು ಪಾಲು ಹೊತ್ತು ಹದ್ದಿನಲ್ಲಿದೆ ಎನ್ನುತ್ತಿತ್ತು ಫೋನು. ಬಿಡುಗಡೆಗೆ ಇನ್ನು ಏಳೇ ತಾಸು ಎಂದುಕೊಂಡು ಬೈಂಡರ್ ಹೊಲಿದ ಪುಸ್ತಕಗಳ ಅಟ್ಟಿಗೆ ತೋಳು ಒತ್ತಿ ಒರಗಿ, ಹಾಯಾಗಿ ಕಣ್ಣು ಮುಚ್ಚಿದ.

ಬಿಲ್ಲೆ ಅದುಮಿಕೊಂಡಿತು. ಅದುಮಿದರೆ ಅದು ಇಲ್ಲದ ಇಳಿತ ತೋರಿಸುತ್ತದೆ. ಐವತ್ತೆಂಟು ಎಂದು ನಾಲ್ಕೂ ಫೋನು ಒಟ್ಟಿಗೆ ಅರಚಿಕೊಂಡವು.

"ಅಯ್ಯೋ, ಇಳೀತು! ಹಿಡ್ಕೊಳಿ ಅವನ್ನ!" ಮಷೀನ್‌ಮ್ಯಾನ್ ಲೋಟಕ್ಕೆ ಕಿತ್ತಳೆ ಹಿಂಡುತ್ತಲೇ ಓಡಿಬಂದ.

"ಇಳಿದಿಲ್ಲ ಕಣೋ, ತೋಳು ಒತ್ತಿತ್ತು ಅಷ್ಟೇ!"

"ಇಳಿದವರೆಲ್ಲ ಹೀಗೇ ಮಾತಾಡೋದು," ಎಂದು ಪ್ರೂಫ್ ಅಕ್ಕ ಲೋಟ ಅವನ ಬಾಯಿಗೇ ಹಿಡಿದಳು. ಅರ್ಧ ರಸ ಹೊಟ್ಟೆಗೆ ಹೋಯಿತು, ಇನ್ನರ್ಧ ಅಂಗಿ, ಕೈಗಳ ಮೇಲೆಲ್ಲ ಹರಿಯಿತು.

"ಬೆರಳು ಚುಚ್ಚಿ ತೋರಿಸ್ತೀನಿ, ನೋಡ್ಕೊಳಿ!" ಎಂದು ಬೈಂಡರ್ ಮೀಟರ್ ತೆಗೆದ. ಮೊದಲು ಕೈ ತೊಳೆಯಬೇಕಿತ್ತು. ಆ ಗಡಿಬಿಡಿಯಲ್ಲಿ ಯಾರಿಗೆ ನೆನಪು? ರಸ ಮೆತ್ತಿದ ಬೆರಳು ಮುನ್ನೂರ ತೊಂಬತ್ತು ತೋರಿಸಿತು.

"ಏರಿಬಿಡ್ತು!" ಅಕ್ಕ ಎದೆ ಬಡಿದುಕೊಂಡಳು. "ಇಳಿಯೋವರೆಗೂ ಮೆಟ್ಟಿಲು ಹತ್ತಿಸಿ!"

"ನಿಲ್ಲಿಸಬೇಡಿ ಅಣ್ಣಾ, ನಾನೀಗಲೇ ಬಂದೆ," ಎಂದು ಅಷ್ಟರಲ್ಲಿ ಕರೆ ಮಾಡಿದ್ದ ಹೆಂಡತಿ ಫೋನಿನಲ್ಲೇ ಅಪ್ಪಣೆ ಕೊಟ್ಟಳು. ಮಷೀನ್‌ಮ್ಯಾನ್ ಬೈಂಡರನನ್ನು ಹಿಂದಿನಿಂದ ನೂಕುತ್ತ ಮೂರು ಮಹಡಿಯನ್ನು ಎರಡು ಸಲ ಹತ್ತಿಸಿದ. ಕೊನೆಗೆ ತಪ್ಪಿಸಿಕೊಂಡು ಕೈ ತೊಳೆದು ಚುಚ್ಚಿ ನೋಡಿದರೆ, ಕುಡಿದ ರಸ ನಿಜವಾಗಿಯೇ ಕೆಲಸ ಮಾಡಿ ಇನ್ನೂರ ಮೂವತ್ತಾಗಿತ್ತು. ಇನ್ಸುಲಿನ್ ಚುಚ್ಚಿಕೊಂಡು, ಅದು ಇಳಿಯುವವರೆಗೆ ಹಲ್ಲು ಕಚ್ಚಿ ಕೂತ. ಒಂದು ಪಾಲು ಕೈಬಿಟ್ಟು ಹೋಗಿ ಲೆಕ್ಕ ಸರಿಯಾಗಿ ಎಪ್ಪತ್ತಕ್ಕೆ ಬಂದು ನಿಂತಿತ್ತು.

ಕ್ಲಿನಿಕ್ಕಿಗೆ ಅವನ ಹಿಂದೆ ಮೂವರೂ ಹೊರಟು ಬಂದರು. ನರ್ಸ್ ಬಿಪಿ ಪಟ್ಟಿ ಕಟ್ಟುವಾಗ ಒಬ್ಬರು ಉಸಿರು ಬಿಡು ಎಂದರು, ಒಬ್ಬರು ಉಸಿರು ಹಿಡಿ ಎಂದರು. ಹೆಂಡತಿ ಬಿಸ್ಕತ್ತಿನ ಹಳೆಯ ಕತೆ ತೆಗೆದಳು. ನೂರ ಅರವತ್ತೆಂಟು! ಬೈಂಡರನಿಗೆ ಅಳುವೇ ಬಂತು.

"ನೀವೆಲ್ಲ ಸ್ವಲ್ಪ ಹೊರಗೆ ಕೂತ್ಕೊಳಿ," ಎಂದರು ಡಾಕ್ಟರು. ಬಾಗಿಲು ಮುಚ್ಚಿತು. ಬೈಂಡರ್ ಐದು ನಿಮಿಷ ಕುರ್ಚಿಗೆ ಒರಗಿ ಕೂತ. ಮತ್ತೆ ನೋಡಿದರೆ ನೂರಿಪ್ಪತ್ತೆರಡು.

"ನಿಮ್ಮ ಬಿಪಿ ಹೊರಗೆ ಕೂತಿದೆ ಬಿಡಿ," ಎಂದು ಡಾಕ್ಟರು ಅವನ ಫೋನ್ ಇಸಿದುಕೊಂಡು ಮೂರೂ ಹೆಸರು ಅಳಿಸಿದರು. ಬೈಂಡರನಿಗೆ ಹೆಗಲ ಮೇಲಿನ ಮೂಟೆ ಇಳಿಸಿದಂತಾಯಿತು. ಆದರೆ ಡಾಕ್ಟರು ಫೋನ್ ವಾಪಸ್ ಕೊಡಲಿಲ್ಲ, ಇನ್ನೂ ಏನೋ ಒತ್ತುತ್ತಲೇ ಇದ್ದರು.

"ಇನ್ನೇನು ಸಾರ್?"

ಡಾಕ್ಟರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನನಗೂ ಟೈಪ್ ಒನ್ನೇ. ಇಪ್ಪತ್ತೆರಡು ವರ್ಷ ಆಯ್ತು. ಎಪ್ಪತ್ತು ಪಾಲು ಅನ್ನೋದನ್ನ ಬೇರೆಯವರ ರಿಪೋರ್ಟಲ್ಲಿ ಮಾತ್ರ ನೋಡಿದೀನಿ. ಗುರಿ ಮುಟ್ಟಿದವರು ಯಾರಾದ್ರೂ ನನ್ನ ಮೇಲೆ ಕಣ್ಣಿಟ್ಟಿರಲಿ ಅಂತ ಮನೇಲಿ ಹಟ ಹಿಡಿದಿದಾರೆ. ಇನ್ಮೇಲೆ ನನ್ನ ಶುಗರ್ ನಿಮ್ಮ ಫೋನಿಗೆ ಬರತ್ತೆ."

"ಭಾನುವಾರನೂ ಬರತ್ತಾ?"

"ಭಾನುವಾರ ಇನ್ನೂ ಹುಷಾರಾಗಿರಬೇಕು. ಅವತ್ತು ಅಡುಗೆ ನಮ್ಮತ್ತೇದು."

"ನನ್ನ ಕೈಲಾಗಲ್ಲ ಅಂದ್ರೆ?"

"ಅಳಿಸಿದ ಹೆಸರು ವಾಪಸ್ ಸೇರಿಸೋಕೆ ನನಗೆ ಒಂದು ನಿಮಿಷ ಸಾಕು."

ಬೈಂಡರ್ ಫೋನ್ ಕೈಗೆ ತೆಗೆದುಕೊಳ್ಳುವುದಕ್ಕೂ ಅದು ಅರಚುವುದಕ್ಕೂ ಸರಿಹೋಯಿತು. ತೆರೆಯ ಮೇಲೆ ಡಾಕ್ಟರ ಶುಗರ್, ಮುನ್ನೂರ ಹತ್ತು.

"ಮಧ್ಯಾಹ್ನ ಏನ್ ತಿಂದ್ರಿ ಸಾರ್, ನಿಜ ಹೇಳಿ!" ಎಂದು ಗದರಿಬಿಟ್ಟ ಬೈಂಡರ್.